ಮನೆಪಾಠದ ಮೇಷ್ಟ್ರು

ಮನೆಪಾಠದ ಮೇಷ್ಟ್ರಿಗೆ ನಮ್ಮ ಸಮಾಜದಲ್ಲಿ ದೊಡ್ಡ ಮರ್ಯಾದೆ ಎಂದೂ ಇದ್ದುದಿಲ್ಲ. ಶಾಲೆಯ ಉಪಾಧ್ಯಾಯರಿಗೆ ಕುರ್ಚಿಯುಂಟು, ಗಂಟೆಯುಂಟು, ಹಾಜರಿ ಪುಸ್ತಕವುಂಟು. ಮನೆಪಾಠದವರಿಗೆ ಜಗಲಿಯೋ ನಡುಮನೆಯ ಒಂದು ಮೂಲೆಯೋ ಗತಿ. ಅವರ ತಿಂಗಳ ಸಂಬಳವನ್ನು ಹಾಲಿನವನ ಲೆಕ್ಕದ ಜೊತೆಗೇ ಬರೆದಿಡುತ್ತಿದ್ದ ಮನೆಗಳು ಒಂದೆರಡಲ್ಲ. ಹುಡುಗ ಪಾಸಾದರೆ ಅವನು ಬುದ್ಧಿವಂತ. ನಪಾಸಾದರೆ ಮೇಷ್ಟ್ರು ಸರಿಯಿಲ್ಲ. ಈ ನ್ಯಾಯವನ್ನು ತಲೆಬಾಗಿ ಒಪ್ಪಿಕೊಂಡು, ಕೊಡೆ ಮಡಿಸಿ ಬಾಗಿಲ ಮೂಲೆಯಲ್ಲಿಟ್ಟು, ದಿನವೂ ಅದೇ ಹೊತ್ತಿಗೆ ಬಂದು ಕೂರುತ್ತಿದ್ದವರೇ ಮನೆಪಾಠದ ಮೇಷ್ಟ್ರು.

ಆದರೆ ಈ ಮರ್ಯಾದೆಯಿಲ್ಲದ ಕೆಲಸವನ್ನು ಮಾಡಿದವರ ಪಟ್ಟಿಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸಿಕೊಂಡರು. 1881ರಲ್ಲಿ ಅವರಿಗೆ ಬಿ.ಎ. ಪದವಿ ಬಂದದ್ದು ಈ ಸಂಪಾದನೆಯ ಬಲದಿಂದ. ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರಿಗೆ ಇಂಗ್ಲಿಷ್ ಕಲಿಸಿದ ತಂಜಾವೂರಿನ ಸುಬ್ಬರಾಯರು ಮುಂದೆ ಅದೇ ಸಂಸ್ಥಾನದ ದಿವಾನರಾದರು. ದಿವಾನಗಿರಿ ಬಂದ ಮೇಲೂ ಜನ ಅವರನ್ನು ‘ಇಂಗ್ಲಿಷ್ ಸುಬ್ಬರಾಯರು’ ಎಂದೇ ಕರೆದರು.

ಒಬ್ಬರು ಒಬ್ಬರಿಗೇ ಕುಳಿತು ಹೇಳುವ ಪಾಠದಲ್ಲಿ ಅಂಥ ವಿಶೇಷವೇನು? ಮೇಲ್ನೋಟಕ್ಕೆ ಉತ್ತರ ಸುಲಭ. ಶಾಲೆಯಲ್ಲಿ 50 ಮಕ್ಕಳಿಗೆ ಹಂಚಿಹೋಗುವ ವಿವರಣೆ ಇಲ್ಲಿ ಒಬ್ಬನಿಗೇ ದಕ್ಕುತ್ತದೆ. ಆದ್ದರಿಂದ ಅವನಿಗೆ ಹೆಚ್ಚು ತಿಳಿಯುತ್ತದೆ ಎಂದು ನಾವೆಲ್ಲ ಭಾವಿಸಿದ್ದೇವೆ. ಮೇಷ್ಟ್ರು ಎಷ್ಟು ಹೊತ್ತು ಬಾಯಿಬಿಡದೆ ಕುಳಿತಿದ್ದರು ಎಂದು ಒಳಗಿನಿಂದ ಗಮನಿಸುವ ತಾಯ್ತಂದೆಯರ ಕಳವಳಕ್ಕೆ ಕಾರಣವೂ ಇದೇ. ಹಣ ಕೊಡುವುದು ಮಾತಿಗೆ ಎಂದು ಅವರ ನಂಬಿಕೆ. ಆದರೆ ಚರಿತ್ರೆಯಲ್ಲಿ ಹೆಸರು ಪಡೆದ ಮನೆಪಾಠದವರ ಕೆಲಸವನ್ನು ಹತ್ತಿರದಿಂದ ನೋಡಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಅವರು ಹೆಚ್ಚು ಮಾತನಾಡಿ ಗೆದ್ದವರಲ್ಲ. ಎದುರಿಗೆ ಕುಳಿತ ಒಂದೇ ಮನಸ್ಸನ್ನು ಕಣ್ಣಿಟ್ಟು ನೋಡಿ, ಅದು ಎಲ್ಲಿ ಎಡವುತ್ತದೆಂದು ಕಂಡುಕೊಂಡು, ಅಲ್ಲಿ ಶಿಷ್ಯನ ಕೈಯಿಂದಲೇ ಕೆಲಸ ಮಾಡಿಸಿದವರು.

ವಿಷ್ಣುಶರ್ಮನ ಆರು ತಿಂಗಳು

ನಮ್ಮ ಕಡೆಯ ಕಥೆಯಿಂದಲೇ ಪ್ರಾರಂಭಿಸೋಣ. ಮಹಿಳಾರೋಪ್ಯವೆಂಬ ಪಟ್ಟಣದ ದೊರೆ ಅಮರಶಕ್ತಿಗೆ ಮೂವರು ಮಕ್ಕಳು, ಮೂವರೂ ಓದಿಗೆ ಬೆನ್ನು ತಿರುಗಿಸಿದವರು. ಸಭೆಯ ಪಂಡಿತರು ಲೆಕ್ಕ ಹಾಕಿ, ವ್ಯಾಕರಣವೊಂದಕ್ಕೇ 12 ವರ್ಷ ಹಿಡಿಯುತ್ತದೆ, ಆ ಮೇಲೆ ಉಳಿದ ಶಾಸ್ತ್ರಗಳು ಎಂದರು. ಆಗ ಮುಂದೆ ಬಂದವನು 80 ವರ್ಷದ ವಿಷ್ಣುಶರ್ಮ. ದೊರೆ ಕೊಡಲು ಬಂದ 100 ಅಗ್ರಹಾರಗಳನ್ನು ಬೇಡವೆಂದು, ಆರೇ ತಿಂಗಳಲ್ಲಿ ಮಕ್ಕಳನ್ನು ನೀತಿಶಾಸ್ತ್ರದಲ್ಲಿ ನಿಪುಣರನ್ನಾಗಿ ಮಾಡುತ್ತೇನೆಂದು ಮಾತು ಕೊಟ್ಟ. ನರಿ, ಎತ್ತು, ಸಿಂಹ, ಕಾಗೆ, ಗೂಬೆಗಳ ಕಥೆಗಳ ಮೂಲಕ ಅದನ್ನು ನಡೆಸಿಯೂ ಕೊಟ್ಟ. ಇದೇ ಪಂಚತಂತ್ರ ಹುಟ್ಟಿದ ಕಥೆ. ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ಸುಮಾರು 1031ರಲ್ಲಿ, ವಸುಭಾಗನ ಪಾಠವನ್ನು ಅನುಸರಿಸಿ, ಪಂಚತಂತ್ರವನ್ನು ಕನ್ನಡಕ್ಕೆ ತಂದ. ನಮ್ಮ ಭಾಷೆಯಲ್ಲಿ ಮನೆಪಾಠದ ಪುಸ್ತಕಕ್ಕೆ ಸಾವಿರ ವರ್ಷದ ವಯಸ್ಸಾಗುತ್ತ ಬಂದಿದೆ ಎಂದರೆ ತಪ್ಪಾಗಲಾರದು.

ಇದು ಕಥೆ, ಇತಿಹಾಸವಲ್ಲ ಎಂಬುದು ನಿಜ. ಆದರೂ ಕಥೆ ಕಟ್ಟಿದವನಿಗೆ ಪಾಠದ ಮರ್ಮ ತಿಳಿದಿತ್ತು. ಪಂಡಿತರು ಶಾಸ್ತ್ರದ ಉದ್ದವನ್ನು ಅಳೆದರು. ವಿಷ್ಣುಶರ್ಮ ಹುಡುಗರ ಮನಸ್ಸನ್ನು ಅಳೆದ. ನಾಳೆ ರಾಜ್ಯವಾಳಬೇಕಾದವರಿಗೆ ಏನು ಬೇಕು, ಅವರ ಕಿವಿ ಯಾವುದಕ್ಕೆ ನಿಮಿರುತ್ತದೆ ಎಂಬ ಎರಡು ಪ್ರಶ್ನೆಗಳಿಂದ ಅವನ ಪಾಠ ಹುಟ್ಟಿತು. ಕಥೆಯೊಳಗೊಂದು ಕಥೆಯಿಟ್ಟು, ‘ಅದು ಹೇಗೆ?’ ಎಂದು ಕೇಳುವವನೇ ಕೇಳುವಂತೆ ಮಾಡಿದ. ಪ್ರಶ್ನೆ ಶಿಷ್ಯನ ಬಾಯಿಂದ ಬಂದ ಮೇಲಷ್ಟೇ ಉತ್ತರ ಕೊಡುವುದು ಸಣ್ಣ ಉಪಾಯದಂತೆ ಕಾಣಬಹುದು. ಮನೆಪಾಠದ ಅರ್ಧ ವಿದ್ಯೆ ಅದರಲ್ಲೇ ಇದೆ.

ಆಸ್ಕಮ್ ಮೇಷ್ಟ್ರ ಎರಡು ಪುಸ್ತಕ

ಕಥೆಯನ್ನು ಬಿಟ್ಟು ದಾಖಲೆಗೆ ಬಂದರೆ, ತಾನು ಹೇಗೆ ಪಾಠ ಹೇಳಿದೆನೆಂದು ವಿವರವಾಗಿ ಬರೆದಿಟ್ಟ ಹಳಬರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ರೋಜರ್ ಆಸ್ಕಮ್. ರಾಜಕುಮಾರಿ ಎಲಿಜಬೆತ್‌ಗೆ ಪಾಠ ಹೇಳುತ್ತಿದ್ದ ವಿಲಿಯಂ ಗ್ರಿಂಡಲ್ 1548ರಲ್ಲಿ ಪ್ಲೇಗಿನಿಂದ ತೀರಿಕೊಂಡಾಗ ಆ ಕೆಲಸ ಆಸ್ಕಮನಿಗೆ ಬಂತು. ಆಗ ಹುಡುಗಿಗೆ ಇನ್ನೂ 15 ತುಂಬಿರಲಿಲ್ಲ. ಬೆಳಗಿನ ಹೊತ್ತು ಗ್ರೀಕ್, ಆ ಮೇಲೆ ಲ್ಯಾಟಿನ್ ಎಂದು ಸುಮಾರು ಎರಡು ವರ್ಷ ಪಾಠ ನಡೆಯಿತು. ಹತ್ತು ವರ್ಷಗಳ ನಂತರ ಆಕೆ ರಾಣಿಯಾದಾಗಲೂ ಈ ಗುರುವಿನ ಜೊತೆ ಗ್ರೀಕ್ ಓದುವುದನ್ನು ಬಿಡಲಿಲ್ಲ.

1563ರ ಡಿಸೆಂಬರಿನಲ್ಲಿ ಲಂಡನಿನ ಪ್ಲೇಗಿಗೆ ಹೆದರಿ ಆಸ್ಥಾನವೆಲ್ಲ ವಿಂಡ್ಸರ್ ಅರಮನೆಯಲ್ಲಿ ಸೇರಿತ್ತು. ಈಟನ್ ಶಾಲೆಯ ಕೆಲವು ಹುಡುಗರು ಏಟಿಗೆ ಹೆದರಿ ಓಡಿಹೋದರೆಂಬ ಸುದ್ದಿ ಅಂದು ಊಟದ ಮೇಜಿಗೆ ಬಂತು. ಹೊಡೆದೇ ಕಲಿಸಬೇಕೆಂದು ಕೆಲವರು, ಕೂಡದೆಂದು ಕೆಲವರು ವಾದಿಸಿದರು. ಊಟವಾದ ಮೇಲೆ ಸರ್ ರಿಚರ್ಡ್ ಸ್ಯಾಕ್‌ವಿಲ್ ಎಂಬ ದೊಡ್ಡಮನುಷ್ಯ ಆಸ್ಕಮನನ್ನು ಪಕ್ಕಕ್ಕೆ ಕರೆದ. ತನಗೆ 14 ವರ್ಷ ತುಂಬುವ ಮೊದಲೇ ಒಬ್ಬ ಮೇಷ್ಟ್ರು ಬೆತ್ತದಿಂದ ವಿದ್ಯೆಯ ಮೇಲಿನ ಪ್ರೀತಿಯನ್ನೆಲ್ಲ ಹೊಡೆದು ಓಡಿಸಿದನೆಂದು ಹೇಳಿಕೊಂಡು, ಮೊಮ್ಮಗನಿಗಾದರೂ ಆ ಗತಿ ಬರಬಾರದು, ನಿಮ್ಮ ವಿಧಾನವನ್ನು ಬರೆದುಕೊಡಿ ಎಂದು ಬೇಡಿದ. ಹಾಗೆ ಹುಟ್ಟಿದ ಪುಸ್ತಕ ‘ದಿ ಸ್ಕೂಲ್‌ಮಾಸ್ಟರ್’. ಆಸ್ಕಮ್ 1568ರಲ್ಲಿ ತೀರಿಕೊಂಡ. ಅವನ ಹೆಂಡತಿ ಅದನ್ನು 1570ರಲ್ಲಿ ಅಚ್ಚು ಹಾಕಿಸಿದಳು.

ಅವನ ವಿಧಾನ ಇಷ್ಟೇ. ಮೊದಲು ಗುರು ಸಿಸೆರೋನ ಒಂದು ಚಿಕ್ಕ ಪತ್ರವನ್ನು ತೆಗೆದುಕೊಂಡು ಅದರ ಸಂದರ್ಭವನ್ನೂ ಅರ್ಥವನ್ನೂ ಹೇಳುತ್ತಾನೆ. ಆಮೇಲೆ ಮಗು ಒಬ್ಬಂಟಿಯಾಗಿ ಕುಳಿತು ಅದನ್ನು ಇಂಗ್ಲಿಷಿಗೆ ತಿರುಗಿಸಿ ಒಂದು ಪುಸ್ತಕದಲ್ಲಿ ಬರೆಯುತ್ತದೆ. ಆಗ ಗುರು ಲ್ಯಾಟಿನ್ ಪುಸ್ತಕವನ್ನು ಎತ್ತಿಡುತ್ತಾನೆ. ಕಡೆಯ ಪಕ್ಷ ಒಂದು ಗಂಟೆ ಬಿಡುವು. ಬಿಡುವಿನ ನಂತರ ಮಗು ತನ್ನ ಇಂಗ್ಲಿಷನ್ನೇ ನೋಡುತ್ತ ಮತ್ತೆ ಲ್ಯಾಟಿನ್‌ಗೆ ತಿರುಗಿಸಿ ಇನ್ನೊಂದು ಪುಸ್ತಕದಲ್ಲಿ ಬರೆಯಬೇಕು. ಕೊನೆಗೆ ಮಗುವಿನ ಲ್ಯಾಟಿನ್ನನ್ನೂ ಸಿಸೆರೋನ ಲ್ಯಾಟಿನ್ನನ್ನೂ ಪಕ್ಕಪಕ್ಕದಲ್ಲಿಟ್ಟು ಇಬ್ಬರೂ ಹೋಲಿಸಿ ನೋಡುತ್ತಾರೆ. ಸರಿಯಿದ್ದಲ್ಲಿ ಹೊಗಳಿಕೆ. ತಪ್ಪಿದ್ದಲ್ಲಿ ಬೈಗುಳವಿಲ್ಲ, ಸಿಸೆರೋ ಆಗಿದ್ದರೆ ಇಲ್ಲಿ ಈ ಪದ ಹಾಕುತ್ತಿದ್ದ, ಈ ಮಾತನ್ನು ಹೀಗೆ ಜೋಡಿಸುತ್ತಿದ್ದ ಎಂದು ಹೇಳಿದರೆ ಸಾಕು.

ಈ ಕ್ರಮದಲ್ಲಿ ಮೇಷ್ಟ್ರ ಬಾಯಿಗೆ ಎಷ್ಟು ಕಡಿಮೆ ಕೆಲಸವಿದೆ, ಹುಡುಗನ ತಲೆಗೆ ಎಷ್ಟು ಹೆಚ್ಚು ಕೆಲಸವಿದೆ ಎಂಬುದನ್ನು ವಾಚಕರು ಗಮನಿಸಬೇಕು. ತಪ್ಪನ್ನು ತೋರಿಸುವವನು ಗುರುವಲ್ಲ, ಪಕ್ಕದಲ್ಲಿ ತೆರೆದಿಟ್ಟ ಪುಸ್ತಕ. ತಪ್ಪು ಮಾಡುವುದಕ್ಕೆ ಹೆದರಬೇಕಾದ ಕಾರಣವೇ ಇಲ್ಲಿಲ್ಲ. ಆ ಒಂದು ಗಂಟೆಯ ಬಿಡುವು ಏಕೆ ಬೇಕೆಂಬುದಕ್ಕೆ ಮುಂದೆ ಬರೋಣ.

ಆಸ್ಕಮನ ಇನ್ನೊಂದು ಮಾತು ನಮ್ಮ ಕಾಲದ ತಂದೆತಾಯಿಗಳಿಗೆ ಸಮಾಧಾನ ತರುವಂಥದು. ಚುರುಕು ಬುದ್ಧಿಯ ಮಕ್ಕಳು ಬೇಗ ಕಲಿತು ಬೇಗ ಮರೆಯುತ್ತಾರೆ. ನಿಧಾನವಾಗಿ ಹಿಡಿಯುವ ಗಟ್ಟಿ ಬುದ್ಧಿಯವರಲ್ಲಿ ವಿದ್ಯೆ ಕೊನೆಯವರೆಗೂ ನಿಲ್ಲುತ್ತದೆ. ಮೇಷ್ಟ್ರುಗಳು ಮೊದಲನೆಯವರನ್ನು ಮುದ್ದಿಸಿ ಎರಡನೆಯವರನ್ನು ಹೊಡೆದು ಹಾಳು ಮಾಡುತ್ತಾರೆ ಎಂದು ಅವನ ಅಭಿಪ್ರಾಯ. ಎಲ್ಲರ ವಿಷಯದಲ್ಲೂ ಇದು ನಿಜವಿರಲಾರದು. ಆದರೆ ನಿಧಾನಸ್ಥ ಹುಡುಗನನ್ನು ದಡ್ಡನೆಂದು ತಳ್ಳದೆ ಕಾಯುವ ಅವಕಾಶ 50 ಮಕ್ಕಳ ತರಗತಿಗಿಂತ ಮನೆಪಾಠದಲ್ಲಿ ಹೆಚ್ಚಾಗಿರುತ್ತದೆ.

ಬರೋಡೆ, ಧಾರವಾಡ, ಮೈಸೂರು

ಕಾಯುವುದರ ಫಲವೇನೆಂದು ತಿಳಿಯಲು ಸೀಮೆಗೆ ಹೋಗಬೇಕಾಗಿಲ್ಲ. 1875ರಲ್ಲಿ ಬರೋಡೆಯ ಮಲ್ಹಾರರಾವ್ ಗಾಯಕವಾಡರನ್ನು ಬ್ರಿಟಿಷ್ ಸರ್ಕಾರ ಪದಚ್ಯುತಗೊಳಿಸಿದಾಗ, ಹಿಂದಿನ ಮಹಾರಾಜ ಖಂಡೇರಾಯರ ವಿಧವೆ ಜಮನಾಬಾಯಿಯವರು ನಾಸಿಕ ಜಿಲ್ಲೆಯ ಕವಳಾಣೆ ಎಂಬ ಹಳ್ಳಿಯಿಂದ ಗೋಪಾಲನೆಂಬ 12 ವರ್ಷದ ರೈತರ ಹುಡುಗನನ್ನು ದತ್ತು ತೆಗೆದುಕೊಂಡರು. ಮೇ 27ರಂದು ಆ ಹುಡುಗ ಮೂರನೆಯ ಸಯಾಜಿರಾವ್ ಆದ. ಅಲ್ಲಿಯ ತನಕ ಅವನಿಗೆ ಓದುಬರಹ ಅಷ್ಟಕ್ಕಷ್ಟೇ. ಇನ್ನು ಆರೇಳು ವರ್ಷದಲ್ಲಿ ಅವನು ರಾಜ್ಯಭಾರ ವಹಿಸಬೇಕು. ಸಿವಿಲ್ ಸರ್ವಿಸಿನ ಎಫ್. ಎ. ಎಚ್. ಎಲಿಯಟ್ ಎಂಬುವರನ್ನು ಶಿಕ್ಷಕರಾಗಿ ನೇಮಿಸಿದರು. ಮರಾಠಿ, ಗುಜರಾತಿ, ಉರ್ದು, ಇಂಗ್ಲಿಷ್ ನಾಲ್ಕನ್ನೂ ಹುಡುಗ ಕಲಿಯಬೇಕಾಯಿತು.

ಆಗ ಬರೋಡೆಯ ದಿವಾನರಾಗಿದ್ದವರು ಸರ್ ಟಿ. ಮಾಧವರಾಯರು. ಅವರ ಸಾರ್ವಜನಿಕ ಜೀವನ ಪ್ರಾರಂಭವಾದದ್ದೇ ಮನೆಪಾಠದಿಂದ. 1849ರಲ್ಲಿ ಅವರು ತಿರುವಾಂಕೂರಿನ ರಾಜಕುಮಾರರ ಶಿಕ್ಷಕರಾಗಿ ಸೇರಿದ್ದರು. ದಿವಾನಗಿರಿಯ ಸಾವಿರ ಕೆಲಸಗಳ ನಡುವೆಯೂ ಅವರು ಹಳೆಯ ವೃತ್ತಿಯನ್ನು ಮರೆಯಲಿಲ್ಲ. ತರುಣ ಮಹಾರಾಜನನ್ನು ಎದುರಿಗೆ ಕೂರಿಸಿಕೊಂಡು ಅರಸನ ಕರ್ತವ್ಯ ಮತ್ತು ಆಡಳಿತದ ಮೂಲಸೂತ್ರಗಳ ಮೇಲೆ ಸರಳ ಭಾಷೆಯಲ್ಲಿ ಪಾಠಗಳನ್ನು ಹೇಳಿದರು. 1881ರಲ್ಲಿ ಇವು ‘ಮೈನರ್ ಹಿಂಟ್ಸ್’ ಎಂಬ ಹೆಸರಿನಲ್ಲಿ ಅಚ್ಚಾದವು. ಪಾಠದ ವಿಷಯ ಪುಸ್ತಕದಿಂದ ಬಂದದ್ದಲ್ಲ. ಹೊರಗೆ ಕಚೇರಿಯಲ್ಲಿ ಅದೇ ದಿನ ನಡೆಯುತ್ತಿದ್ದ ರಾಜ್ಯಭಾರವೇ ವಿಷಯ. ಅದೇ ವರ್ಷ ಡಿಸೆಂಬರ್ 28ರಂದು ಸಯಾಜಿರಾಯರು ಪೂರ್ಣಾಧಿಕಾರ ವಹಿಸಿಕೊಂಡರು.

ನಮ್ಮ ನಾಡಿಗೆ ನೇರವಾಗಿ ಸಂಬಂಧಪಟ್ಟವರು ಸ್ಟುವರ್ಟ್ ಫ್ರೇಸರ್. ಇವರೂ ಸಿವಿಲ್ ಸರ್ವಿಸಿನವರೇ. ಕೊಲ್ಲಾಪುರದ ಬಾಲಕ ಮಹಾರಾಜ ಶಾಹು ಅವರಿಗೆ 1890ರಿಂದ 1894ರವರೆಗೆ ಧಾರವಾಡದಲ್ಲಿ ಪಾಠ ನಡೆದದ್ದು ಇವರ ಕೈಕೆಳಗೆ. ಅದೇ ವರ್ಷದ ಕೊನೆಯಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡರು. ಹತ್ತು ವರ್ಷದ ಕೃಷ್ಣರಾಜರು ಸಿಂಹಾಸನವೇರಿದರು. ತಾಯಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾದರು. 1896ರಲ್ಲಿ ಫ್ರೇಸರ್ ಮೈಸೂರಿಗೆ ಬಂದರು.

ರಾಜಕುಮಾರನೊಬ್ಬನಿಗೇ ಪಾಠ ಹೇಳುವುದರಲ್ಲಿ ಒಂದು ಅಪಾಯವಿದೆ. ಅವನ ತಪ್ಪಿಗೆ ನಗುವವರಿಲ್ಲ, ಅವನನ್ನು ಮೀರಿಸುವವರಿಲ್ಲ, ಸುತ್ತಲೂ ಇರುವವರೆಲ್ಲ ಕೈಮುಗಿಯುವವರು. ಇದಕ್ಕೆ ಮೈಸೂರಿನಲ್ಲಿ ಕಂಡುಕೊಂಡ ಪರಿಹಾರ ಸರಳವಾದದ್ದು: ಮಹಾರಾಜರ ಜೊತೆಗೆ ಅದೇ ವಯಸ್ಸಿನ ಕೆಲವು ಹುಡುಗರನ್ನು ಕೂರಿಸಿ ಪುಟ್ಟ ತರಗತಿಯೊಂದನ್ನು ಮಾಡಿದರು. ಆ ಹುಡುಗರಲ್ಲೊಬ್ಬರು ಮಿರ್ಜಾ ಇಸ್ಮಾಯಿಲ್. ಪಾಠದ ಚಾಪೆಯ ಮೇಲೆ ಹುಟ್ಟಿದ ಆ ಸ್ನೇಹ ಏನು ಮಾಡಿತೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಸ್ಮಾಯಿಲರು 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ಓದಿನ ಜೊತೆಗೆ ಆಟ, ಕುದುರೆ ಸವಾರಿ, ರಾಜ್ಯದೊಳಗಿನ ಪ್ರವಾಸ ಎಲ್ಲವೂ ಶಿಕ್ಷಣದ ಅಂಗವಾಗಿದ್ದವು. 1902ರ ಆಗಸ್ಟ್ 8ರಂದು ಶಿಷ್ಯರಿಗೆ ಅಧಿಕಾರ ಬಂತು. ಗುರು 1905ರಲ್ಲಿ ರೆಸಿಡೆಂಟರಾಗಿ ಮತ್ತೆ ಮೈಸೂರಿಗೇ ಬಂದರು.

ಈ ಮೂವರು ಶಿಷ್ಯರ ವಿಷಯದಲ್ಲಿ ಒಂದು ಹೋಲಿಕೆ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಸಯಾಜಿರಾಯರು 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಪ್ರಯೋಗ ಮಾಡಿ, 1906ರಲ್ಲಿ ಅದನ್ನು ಇಡೀ ಸಂಸ್ಥಾನಕ್ಕೆ ವಿಸ್ತರಿಸಿದರು. ನಾಲ್ವಡಿ ಕೃಷ್ಣರಾಜರ ಮೈಸೂರಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ 1913ರಲ್ಲಿ ಬಂತು. ಶಾಹು ಮಹಾರಾಜರ ಕೊಲ್ಲಾಪುರದಲ್ಲಿ 1917ರಲ್ಲಿ. ಒಬ್ಬಂಟಿಯಾಗಿ, ಇಲ್ಲವೆ ನಾಲ್ಕೈದು ಜೊತೆಗಾರರೊಡನೆ ಪಾಠ ಹೇಳಿಸಿಕೊಂಡ ಮೂವರು ಅರಸರೂ ತಮ್ಮ ನಾಡಿನ ಮಕ್ಕಳೆಲ್ಲ ಶಾಲೆಗೆ ಹೋಗಲಿ ಎಂದು ಬಯಸಿದರು. ಇದರ ಕೀರ್ತಿಯನ್ನೆಲ್ಲ ಅವರ ಮೇಷ್ಟ್ರುಗಳಿಗೆ ಕಟ್ಟುವುದು ಸರಿಯಾಗಲಾರದು. ಕಾಲದ ಗಾಳಿಯೂ ಅರಸರ ಸ್ವಂತ ಹೃದಯವೂ ಅದರಲ್ಲಿವೆ. ಆದರೆ ತಮಗೆ ದಕ್ಕಿದ್ದರ ಬೆಲೆ ಅವರಿಗೆ ತಿಳಿದಿತ್ತು ಎಂಬುದರಲ್ಲಿ ಸಂದೇಹವಿಲ್ಲ.

ಕೊಳಾಯಿಯ ಬಳಿ ಒಂದು ಬೆಳಿಗ್ಗೆ

ಇಷ್ಟು ಹೊತ್ತು ಅರಮನೆಗಳಲ್ಲಿಯೇ ಸುತ್ತಾಡಿದೆವು. ಮನೆಪಾಠದ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಗೆಲುವನ್ನು ಪಡೆದವಳಾದರೋ ಅನಾಥಾಲಯದಿಂದ ಬಂದ ಬಡ ಹುಡುಗಿ. ಆನ್ ಸಲಿವನ್ ಅಮೆರಿಕದ ಟ್ಯೂಕ್ಸ್‌ಬರಿಯ ಬಡವರ ಆಶ್ರಮದಲ್ಲಿದ್ದು, ಕಣ್ಣಿನ ಬೇನೆಯಿಂದ ದೃಷ್ಟಿ ಮಂದವಾಗಿ, 14ನೆಯ ವಯಸ್ಸಿನಲ್ಲಿ ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆ ಸೇರಿದವಳು. 1887ರ ಮಾರ್ಚ್ 3ರಂದು ಆಕೆ ಅಲಬಾಮಾದ ಟಸ್ಕಂಬಿಯಾ ಊರಿಗೆ ಮನೆಪಾಠಕ್ಕೆ ಬಂದಳು. ಶಿಷ್ಯೆ ಹೆಲೆನ್ ಕೆಲ್ಲರ್, ಏಳು ತುಂಬದ ಹುಡುಗಿ. ಕಣ್ಣಿಲ್ಲ, ಕಿವಿಯಿಲ್ಲ, ಆದ್ದರಿಂದ ಮಾತೂ ಇಲ್ಲ. ಗುರುವಿಗೆ ಇನ್ನೂ 21 ತುಂಬಿರಲಿಲ್ಲ. ಶಿಕ್ಷಕ ತರಬೇತಿಯ ಯಾವ ಪತ್ರವೂ ಆಕೆಯ ಬಳಿ ಇರಲಿಲ್ಲ.

ಬಂದ ದಿನವೇ ಹೆಲೆನಳ ಕೈಗೆ ಒಂದು ಗೊಂಬೆ ಕೊಟ್ಟು, ಅಂಗೈಯಲ್ಲಿ ಬೆರಳುಗಳಿಂದ ಅದರ ಹೆಸರಿನ ಅಕ್ಷರಗಳನ್ನು ಮೂಡಿಸಿದಳು. ಹುಡುಗಿ ಅದನ್ನು ಹಾಗೇ ಅನುಕರಿಸಿ ತೋರಿಸಿದಳು. ನೋಡಿದವರಿಗೆ ಕಲಿತಂತೆಯೇ ಕಂಡಿರಬೇಕು. ಅದು ಗಿಳಿಪಾಠವೆಂದು ಗುರುವಿಗೆ ಗೊತ್ತಿತ್ತು. ಬೆರಳಿನ ಆಟಕ್ಕೂ ಗೊಂಬೆಗೂ ಇರುವ ಸಂಬಂಧ ಮಗುವಿಗೆ ಇನ್ನೂ ಹೊಳೆದಿರಲಿಲ್ಲ. ಒಂದು ತಿಂಗಳು ಹೀಗೆಯೇ ಕಳೆಯಿತು. ಮುಖ್ಯವಾಗಿ ಒಂದು ತೊಡಕನ್ನು ಆನ್ ಗಮನಿಸಿದಳು. ಲೋಟ ಮತ್ತು ಅದರೊಳಗೆ ಇರುವ ಪಾನೀಯ, ಇವೆರಡನ್ನೂ ಮಗು ಒಂದೇ ಎಂದು ಗೊಂದಲಪಡುತ್ತಿತ್ತು.

ಏಪ್ರಿಲ್ 5ರ ಬೆಳಿಗ್ಗೆ ಮುಖ ತೊಳೆಯುವಾಗ ಹೆಲೆನ್ ನೀರಿನ ಹೆಸರೇನೆಂದು ಸಂಜ್ಞೆಯಿಂದ ಕೇಳಿದಳು. ಆ ತೊಡಕನ್ನು ಬಿಡಿಸಲು ಇದೇ ಸಮಯವೆಂದು ಆನ್‌ಗೆ ತೋರಿತು. ಅವಳನ್ನು ಅಂಗಳದ ಕೈಪಂಪಿನ ಕೊಳಾಯಿಗೆ ಕರೆದೊಯ್ದು, ಒಂದು ಕೈಯಲ್ಲಿ ಲೋಟ ಹಿಡಿಸಿ, ತಣ್ಣೀರು ಆ ಕೈಯ ಮೇಲೆ ಉಕ್ಕಿ ಹರಿಯುತ್ತಿರುವಾಗಲೇ ಇನ್ನೊಂದು ಅಂಗೈಯಲ್ಲಿ ನೀರು ಎಂಬ ಪದದ ಅಕ್ಷರಗಳನ್ನು ಬರೆದಳು. ಲೋಟ ಕೈಜಾರಿ ಬಿತ್ತು. ಮಗು ಸ್ತಬ್ಧವಾಗಿ ನಿಂತಿತು. ಆಮೇಲೆ ನೆಲವನ್ನು ಮುಟ್ಟಿ ಹೆಸರು ಕೇಳಿತು, ಪಂಪನ್ನು ಮುಟ್ಟಿ ಕೇಳಿತು, ಕೊನೆಗೆ ತಿರುಗಿ ಎದುರಿಗಿದ್ದವಳ ಹೆಸರು ಕೇಳಿತು. ಆನ್ ‘ಗುರು’ ಎಂಬ ಪದವನ್ನು ಬರೆದಳು. ಕೆಲವೇ ಗಂಟೆಗಳಲ್ಲಿ 30 ಹೊಸ ಪದಗಳಾದವು.

ಈ ಪ್ರಸಂಗವನ್ನು ಪವಾಡದಂತೆ ಹೇಳುವುದು ರೂಢಿಯಾಗಿದೆ. ಆದರೆ ಮಗುವಿನ ತಪ್ಪು ಯಾವ ಜಾತಿಯದೆಂದು ಒಂದು ತಿಂಗಳ ಕಾಲ ಗಮನಿಸಿದವಳಿಗೆ ಮಾತ್ರ, ನೀರನ್ನೂ ಲೋಟವನ್ನೂ ಬೇರ್ಪಡಿಸಿ ತೋರಿಸುವ ಆ ಬೆಳಗಿನ ಉಪಾಯ ಹೊಳೆಯಲು ಸಾಧ್ಯವಿತ್ತು. ಪವಾಡಕ್ಕಿಂತ ಇದು ಹೆಚ್ಚಿನದು ಎನ್ನಬಹುದು, ಏಕೆಂದರೆ ಇದನ್ನು ಬೇರೆಯವರೂ ಕಲಿಯಬಹುದು.

ಐದು ದಿನಗಳ ನಂತರ ಆನ್ ಇನ್ನೂ ಧೈರ್ಯದ ನಿರ್ಧಾರವೊಂದನ್ನು ಮಾಡಿದಳು. ಹೆಲೆನಳ ಬಂಧುಗಳ ಮನೆಯಲ್ಲಿ 15 ತಿಂಗಳ ಕೂಸೊಂದಿತ್ತು. ಅದು ಇನ್ನೂ ಮಾತನಾಡದಿದ್ದರೂ ಹೇಳಿದ್ದನ್ನೆಲ್ಲ ತಿಳಿದುಕೊಳ್ಳುತ್ತಿದ್ದುದನ್ನು ಆಕೆ ಕಂಡಳು. ಕೂಸಿಗೆ ಯಾರೂ ಗಂಟೆ ಹೊಡೆದು ಪದಗಳ ಪಾಠ ಹೇಳುವುದಿಲ್ಲ. ಎಲ್ಲರೂ ಅದರ ಕಿವಿಯಲ್ಲಿ ಸಹಜವಾಗಿ ಮಾತನಾಡುತ್ತಾರೆ. ಅಂದಿನಿಂದ ಹೊತ್ತು ಗೊತ್ತುಮಾಡಿದ ಪಾಠವನ್ನು ಬಿಟ್ಟು, ಹೆಲೆನಳ ಅಂಗೈಯಲ್ಲಿ ದಿನವಿಡೀ ಪೂರ್ಣ ವಾಕ್ಯಗಳಲ್ಲಿ ‘ಮಾತನಾಡ’ತೊಡಗಿದಳು. ಭೂಗೋಳದ ಪಾಠ ಟೆನೆಸ್ಸಿ ನದಿಯ ದಂಡೆಯಲ್ಲಿ. ಹುಡುಗಿ ಕಲ್ಲಿನಿಂದ ಅಣೆ ಕಟ್ಟಿ, ದ್ವೀಪ ಮಾಡಿ, ಹೊಳೆಯ ಪಾತ್ರ ತೋಡಿ ಆಡಿದಳು. ಪಾಠವೆಂಬ ಅನುಮಾನವೇ ಬರಲಿಲ್ಲ. ಅವಳು 1904ರಲ್ಲಿ ರ್‍ಯಾಡ್‌ಕ್ಲಿಫ್ ಕಾಲೇಜಿನಿಂದ ಪದವಿ ಪಡೆದಳು. ಗುರು 1936ರಲ್ಲಿ ತೀರಿಕೊಳ್ಳುವವರೆಗೂ ಇಬ್ಬರೂ ಒಟ್ಟಿಗೇ ಬಾಳಿದರು. ಹೆಲೆನ್ ಕೆಲ್ಲರ್ 1955ರಲ್ಲಿ ನಮ್ಮ ದೇಶಕ್ಕೂ ಬಂದಿದ್ದರು.

ಪ್ರಯೋಗಗಳು ಹೇಳಿದ್ದು

ಹಳೆಯ ಮೇಷ್ಟ್ರುಗಳು ಅನುಭವದಿಂದ ಕಂಡುಕೊಂಡದ್ದನ್ನು ನಮ್ಮ ಕಾಲದ ಪಂಡಿತರು ಪ್ರಯೋಗ ಮಾಡಿ ಎಣಿಸಿದ್ದಾರೆ. 1984ರಲ್ಲಿ ಷಿಕಾಗೋದ ಬೆಂಜಮಿನ್ ಬ್ಲೂಮ್ ತಮ್ಮ ಶಿಷ್ಯರ ಪ್ರಯೋಗಗಳನ್ನು ಆಧರಿಸಿ, ಸುಮಾರು 30 ಮಕ್ಕಳ ತರಗತಿಯಲ್ಲಿ ಕಲಿತವರೊಂದಿಗೆ ಒಂಟಿಪಾಠ ಪಡೆದವರನ್ನು ಹೋಲಿಸಿದರು. ಒಂಟಿಪಾಠದ ಸಾಧಾರಣ ವಿದ್ಯಾರ್ಥಿಯೂ ತರಗತಿಯ 100ರಲ್ಲಿ 98 ಮಂದಿಯನ್ನು ಮೀರಿಸಿದ ಎಂದು ಅವರು ಸಾರಿದರು. ಅದು ಸ್ವಲ್ಪ ಅತಿಯಾಯಿತು. 2011ರಲ್ಲಿ ಕರ್ಟ್ ವಾನ್‌ಲೇನ್ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಲಾಭ ಅದರ ಅರ್ಧಕ್ಕಿಂತ ಕಡಿಮೆಯೆಂದು ಕಂಡಿತು. 98ರ ಬದಲು 78ರ ಆಸುಪಾಸು ಎನ್ನಬಹುದು. ಆದರೂ ಅದು ಸಣ್ಣ ಲಾಭವಲ್ಲ.

ಇದಕ್ಕಿಂತ ಸ್ವಾರಸ್ಯವಾದದ್ದು 2001ರಲ್ಲಿ ಮಿಷೆಲಿನ್ ಚಿ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಸಂಗತಿ. ರಕ್ತಪರಿಚಲನೆಯ ಪಾಠವನ್ನು ಮನೆಪಾಠದವರು ಮೊದಲು ತಮ್ಮ ವಾಡಿಕೆಯಂತೆ ಬೇಕಾದಷ್ಟು ವಿವರಿಸಿ ಹೇಳಿದರು. ಎರಡನೆಯ ಸಾರಿ ಅವರಿಗೆ ವಿವರಣೆಯನ್ನೇ ನಿಷೇಧಿಸಿ, ‘ಇದರಿಂದ ನಿನಗೇನು ತಿಳಿಯಿತು, ಮುಂದೆ ಹೇಳು’ ಎಂಬಂಥ ಪ್ರಶ್ನೆಗಳನ್ನಷ್ಟೇ ಕೇಳಲು ಬಿಟ್ಟರು. ಮಕ್ಕಳು ಎರಡು ಸಲವೂ ಸಮನಾಗಿಯೇ ಕಲಿತರು. ಮೇಷ್ಟ್ರು ಮಾತನಾಡದೆ ಕೂತರೆಂದು ಒಳಗಿನಿಂದ ಕಳವಳಪಡುವವರು ಇದನ್ನು ನೆನಪಿಡಬೇಕು.

ಇನ್ನು ಆಸ್ಕಮನ ಒಂದು ಗಂಟೆಯ ಬಿಡುವು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಕೆಲವು ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಎರಡು ಸಲ ಓದಿಸಿದರು. ಉಳಿದವರಿಗೆ ಒಂದು ಸಲ ಓದಿಸಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದರೆ, ಓದಿದವರಲ್ಲಿ ಪಾಠದ ಶೇಕಡ 42 ಉಳಿದಿತ್ತು, ನೆನಪಿನಿಂದ ಬರೆದವರಲ್ಲಿ ಶೇಕಡ 56. ಪುಸ್ತಕವನ್ನು ಎತ್ತಿಟ್ಟು, ಬಿಡುವು ಕೊಟ್ಟು, ಮತ್ತೆ ಬರೆಸುತ್ತಿದ್ದ ಆ ಮೇಷ್ಟ್ರಿಗೆ ಈ ಅಂಕಿಗಳು ಬೇಕಾಗಿರಲಿಲ್ಲ.

ಮರಳಿನ ಮೇಲಿನ ಅಕ್ಷರ

ಇದೆಲ್ಲ ಸರಿ, ಆದರೆ ಇದು ಅರಸರಿಗೂ ಹಣವಂತರಿಗೂ ಮಾತ್ರ ದಕ್ಕುವ ವಿದ್ಯೆಯಲ್ಲವೇ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಗೆ ಉತ್ತರ ನಮ್ಮ ಕೂಲಿಮಠಗಳಲ್ಲಿಯೇ ಇತ್ತು. ಅಯ್ಯನವರು ಒಬ್ಬರೇ, ಮಕ್ಕಳು ಹಲವರು. ದೊಡ್ಡ ಹುಡುಗ ಚಿಕ್ಕವನ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ. 1789ರಲ್ಲಿ ಮದ್ರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಆಡಳಿತ ವಹಿಸಿಕೊಂಡ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ನಾಡಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುವುದನ್ನು ನೋಡಿ ಅದನ್ನು ತನ್ನ ಶಾಲೆಗೆ ತಂದ. ಸಹಾಯಕ ಮೇಷ್ಟ್ರುಗಳು ಈ ಹೊಸ ಕ್ರಮಕ್ಕೆ ಒಗ್ಗದಿದ್ದಾಗ ಎಂಟು ವರ್ಷದ ಹುಡುಗನೊಬ್ಬನನ್ನೇ ಚಿಕ್ಕ ಮಕ್ಕಳಿಗೆ ಗುರುವಾಗಿ ನಿಲ್ಲಿಸಿದ. 1797ರಲ್ಲಿ ಲಂಡನಿನಲ್ಲಿ ಈ ವಿಷಯವನ್ನು ಪುಸ್ತಕವಾಗಿ ಪ್ರಕಟಿಸಿದ. ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಿಗೆಲ್ಲ ಹಬ್ಬಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನಲ್ಲಿ ಅವನು ಬಿಟ್ಟುಹೋದ ಹಣದಿಂದ ಕಟ್ಟಿದ ಶಾಲೆಗೆ ಇಂದಿಗೂ ಮದ್ರಾಸ್ ಕಾಲೇಜು ಎಂದೇ ಹೆಸರು.

ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಸರ್ಕಾರಕ್ಕೆ ಬರೆದ ವರದಿಯಲ್ಲಿ ಜಿಲ್ಲೆಯ 533 ಶಾಲೆಗಳ ಲೆಕ್ಕವಿದೆ. ಅವುಗಳಲ್ಲಿ 235 ಕನ್ನಡ ಶಾಲೆಗಳು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಕ್ರಮವನ್ನು ಆತ ಮೆಚ್ಚಿದ್ದಾನೆ. ಅದನ್ನು ಇಂಗ್ಲೆಂಡು ಅನುಕರಿಸಿದ್ದು ಸರಿಯೆಂದಿದ್ದಾನೆ. ಆದರೆ ಮಕ್ಕಳು ಅರ್ಥ ತಿಳಿಯದೆ ಪದ್ಯಗಳನ್ನು ಉರು ಹೊಡೆಯುತ್ತಾರೆಂಬ ದೂರನ್ನೂ, ಬಡತನದಿಂದ ಶಾಲೆಗಳು ಮುಚ್ಚುತ್ತಿವೆ ಎಂಬ ಕಹಿ ಸತ್ಯವನ್ನೂ ಮುಚ್ಚಿಡದೆ ಬರೆದಿದ್ದಾನೆ. ಕಲಿಸುವ ಹುಡುಗನಿಗೆ ತಾನು ಕಲಿತದ್ದು ಗಟ್ಟಿಯಾಗುತ್ತದೆ; ಕಲಿಯುವವನಿಗೆ ತನ್ನ ತಪ್ಪನ್ನು ಹತ್ತಿರದಿಂದ ನೋಡುವ ಎರಡು ಕಣ್ಣು ಸಿಗುತ್ತವೆ. ಕಾಸು ಖರ್ಚಿಲ್ಲದೆ ಬಡ ಮಕ್ಕಳಿಗೂ ದಕ್ಕಿದ ಮನೆಪಾಠವೆಂದರೆ ಇದು.

ಇಂದು ನಮ್ಮ ನಗರಗಳಲ್ಲಿ ಮನೆಪಾಠದ ಮೇಷ್ಟ್ರು ಅಪರೂಪವಾಗಿದ್ದಾರೆ. ಅವರ ಸ್ಥಾನಕ್ಕೆ ಮಹಡಿ ಮೇಲಿನ ಟ್ಯೂಷನ್ ಕೇಂದ್ರಗಳು ಬಂದಿವೆ. ಇವುಗಳ ಕಾಟಕ್ಕೆ ಕಡಿವಾಣ ಹಾಕಲು ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ, 16 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಇಂಥ ತರಬೇತಿ ಕೇಂದ್ರಗಳು ಸೇರಿಸಿಕೊಳ್ಳಬಾರದೆಂಬ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಶಾಲೆಯಲ್ಲಿ 50 ಮಕ್ಕಳ ನಡುವೆ ಕುಳಿತು ಅರ್ಥವಾಗದೆ ಹೋದದ್ದನ್ನು ಸಂಜೆ ಇನ್ನೊಂದು ಕಡೆ 60 ಮಕ್ಕಳ ನಡುವೆ ಕುಳಿತು ಕೇಳುವುದಕ್ಕೆ ನಾವು ಹಣ ತೆರುತ್ತಿದ್ದೇವೆ. ಮನೆಪಾಠದ ಹೆಸರು ಉಳಿದಿದೆ. ಅದರ ಪ್ರಾಣವಾಗಿದ್ದ ಆ ಒಂದು ಜೊತೆ ಕಣ್ಣು ಮಾತ್ರ ಕಳೆದುಹೋಗಿದೆ. ಹುಡುಗ ಲೋಟವನ್ನೂ ನೀರನ್ನೂ ಎಲ್ಲಿ ಗೊಂದಲ ಮಾಡಿಕೊಂಡಿದ್ದಾನೆಂದು ನೋಡುವುದಕ್ಕೆ ಅಲ್ಲಿ ಯಾರಿಗೂ ಬಿಡುವಿಲ್ಲ.

ಆದ್ದರಿಂದ, ಮಕ್ಕಳಿಗೆ ಪಾಠ ಹೇಳಿಸಲು ಹೊರಟ ಗೃಹಸ್ಥರು ಮೇಷ್ಟ್ರು ಎಷ್ಟು ಪುಟ ಮುಗಿಸಿದರೆಂದು ಕೇಳುವುದನ್ನು ಬಿಟ್ಟು ಬೇರೆ ಮೂರು ಮಾತು ಕೇಳಬಹುದು. ನನ್ನ ಮಗು ಎಲ್ಲಿ ತಪ್ಪುತ್ತದೆಂದು ನಿಮಗೆ ಕಂಡಿದೆಯೇ? ಪುಸ್ತಕ ಮುಚ್ಚಿ ಅದು ತಾನೇ ಏನನ್ನು ಹೇಳಬಲ್ಲುದು? ನಿಮ್ಮ ಮುಂದೆ ತಪ್ಪು ಮಾಡಲು ಅದಕ್ಕೆ ಹೆದರಿಕೆಯಿಲ್ಲವಷ್ಟೆ? ಈ ಮೂರಕ್ಕೂ ನೆಟ್ಟಗೆ ಉತ್ತರ ಹೇಳುವ ಮೇಷ್ಟ್ರು ಸಿಕ್ಕಿದರೆ ಜಗಲಿಯ ಮೂಲೆಯಿಂದ ಎಬ್ಬಿಸಿ ಒಳ್ಳೆಯ ಕುರ್ಚಿ ಹಾಕಿಸಬೇಕು. ಅಂಥವರು ಸಿಕ್ಕದಿದ್ದರೆ, ರಾತ್ರಿ ಊಟವಾದ ಮೇಲೆ ಒಂದರ್ಧ ಗಂಟೆ ಅಕ್ಕನ ಪಕ್ಕದಲ್ಲಿ ತಮ್ಮನನ್ನು ಕೂರಿಸಿ, ಅಂದಿನ ಪಾಠವನ್ನು ಅವಳಿಗೆ ಒಪ್ಪಿಸಲು ಹೇಳಿದರೂ ಆದೀತು. ಕೂಲಿಮಠದ ಹುಡುಗರು ಮರಳಿನ ಮೇಲೆ ಮಾಡುತ್ತಿದ್ದ ಕೆಲಸವೂ ಅದೇ.